ಪುರುಸೊತ್ತು ಯಾರದು?

ಎಂಟನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷ ನಾನು ಬರೆಯಲು ಕೊಡುವ ಪ್ರಬಂಧಗಳಲ್ಲಿ 'ಒಳ್ಳೆಯ ಅಭ್ಯಾಸಗಳು' ಎಂಬುದೂ ಒಂದು. ಮೂವತ್ತು ವರ್ಷಗಳಿಂದ ಕೊಡುತ್ತಾ ಬಂದಿದ್ದೇನೆ. ಮೂವತ್ತು ವರ್ಷಗಳಿಂದಲೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬೇಗ ಏಳಬೇಕು, ಹಲ್ಲುಜ್ಜಬೇಕು, ವ್ಯಾಯಾಮ ಮಾಡಬೇಕು, ಸೊಪ್ಪು ತರಕಾರಿ ತಿನ್ನಬೇಕು, ಹಿರಿಯರಿಗೆ ಗೌರವ ಕೊಡಬೇಕು. ಕೊನೆಯಲ್ಲಿ 'ಆರೋಗ್ಯವೇ ಭಾಗ್ಯ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರೆ ಪ್ರಬಂಧ ಮುಗಿಯಿತು. ನಾನು ಕೆಂಪು ಮಸಿಯಲ್ಲಿ ಕಾಗುಣಿತ ತಿದ್ದಿ, ಹತ್ತಕ್ಕೆ ಏಳೋ ಎಂಟೋ ಹಾಕಿ, ಮುಂದಿನ ಪುಸ್ತಕ ಎಳೆದುಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಇಪ್ಪತ್ತನೆಯ ಪುಸ್ತಕದ ನಂತರ ನಾನು ಓದುವುದೇ ಇಲ್ಲ, ತಪ್ಪು ಹುಡುಕುತ್ತೇನೆ ಅಷ್ಟೆ. ಉಪಾಧ್ಯಾಯರಾದವರಿಗೆ ಇದು ಗೊತ್ತಿರುವ ಗುಟ್ಟು.

2025ರ ಜನವರಿಯಲ್ಲಿ ಹೀಗೆ ತಪ್ಪು ಹುಡುಕುತ್ತಾ ಕುಳಿತಿದ್ದಾಗ ಒಬ್ಬ ಹುಡುಗಿಯ ಪುಸ್ತಕ ಕೈಗೆ ಬಂತು. ಆಕೆ ಬರೆದಿದ್ದಳು: 'ನಮ್ಮ ಮನೆಯಲ್ಲಿ ಒಳ್ಳೆಯ ಅಭ್ಯಾಸ ಇರುವುದು ಅಪ್ಪನಿಗೆ. ಅಪ್ಪ ದಿನಾ ವಾಕಿಂಗ್ ಹೋಗುತ್ತಾರೆ. ಅಮ್ಮನಿಗೆ ಒಳ್ಳೆಯ ಅಭ್ಯಾಸ ಇಲ್ಲ. ಅಮ್ಮನಿಗೆ ಪುರಸತ್ತು ಇಲ್ಲ.'

'ಪುರಸತ್ತು' ಎಂಬುದನ್ನು ಹೊಡೆದುಹಾಕಿ ಮೇಲೆ 'ಪುರುಸೊತ್ತು' ಎಂದು ಬರೆದೆ. ಫುರ್ಸತ್ ಎಂಬ ಪದ ಎಲ್ಲಿಂದಲೋ ಬಂದು ನಮ್ಮ ಬಾಯಲ್ಲಿ ಪುರುಸೊತ್ತಾದ ಕಥೆಯನ್ನು ಮರುದಿನ ತರಗತಿಯಲ್ಲಿ ಹೇಳಬೇಕು ಎಂದೂ ಅಂದುಕೊಂಡೆ. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಆ ನಾಲ್ಕು ವಾಕ್ಯಗಳಲ್ಲಿ ನನ್ನ ತಂದೆ ತಾಯಿ ಇದ್ದರು. ಇನ್ನೂ ಸ್ವಲ್ಪ ಹೊತ್ತು ನೋಡುತ್ತಾ ಕುಳಿತ ಮೇಲೆ ನಾನೂ ಕಾಣಿಸಿಕೊಂಡೆ. ನಾನು ಕಾಣಿಸಿಕೊಂಡ ಜಾಗ ಮಾತ್ರ ನಾನು ಎಣಿಸಿದ್ದ ಜಾಗವಾಗಿರಲಿಲ್ಲ.

ಮೊದಲು ತಂದೆಯ ವಿಷಯ ಹೇಳುತ್ತೇನೆ. ಅವರು ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಹುಟ್ಟಿದ್ದು 1936ರಲ್ಲಿ. ಊರಿನವರು ಅವರನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂಬ ಮಾತು ಪ್ರತಿ ಊರಿನಲ್ಲೂ ಯಾರಾದರೊಬ್ಬರ ಬಗ್ಗೆ ಇರುತ್ತದೆ. ನಮ್ಮ ಊರಿನಲ್ಲಿ ಆ ಮಾತು ಇದ್ದದ್ದು ಅವರ ಬಗ್ಗೆ. ಐದಕ್ಕೆ ಏಳುವುದು, ಒಂದು ಚೊಂಬು ಬಿಸಿನೀರು ಕುಡಿಯುವುದು, ತೋಟದ ದಾರಿಯಲ್ಲಿ ಹನುಮಂತನ ಗುಡಿಯವರೆಗೆ ಹೋಗಿ ಬರುವುದು, ಏಳು ಗಂಟೆಗೆ ರಾಗಿಗಂಜಿ, ಒಂದು ಗಂಟೆಗೆ ಮುದ್ದೆ ಊಟ, ರಾತ್ರಿ ಎಂಟಕ್ಕೆ ಮೊದಲು ಫಲಾಹಾರ. ಬೀಡಿ, ಎಲೆಯಡಿಕೆ ಯಾವುದನ್ನೂ ಮುಟ್ಟಿದವರಲ್ಲ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದವರೂ ಅಲ್ಲ. 85ನೆಯ ವಯಸ್ಸಿನಲ್ಲಿ, 2021ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆ ಹಿಡಿದದ್ದು ನನಗೆ ನೆನಪಿಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಗೆ ಉದಾಹರಣೆಯಾಗಿ ಇಪ್ಪತ್ತು ವರ್ಷ ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ನನ್ನ ತಂದೆಯನ್ನೇ.

ತಾಯಿಯ ಬಗ್ಗೆ ತರಗತಿಯಲ್ಲಿ ಹೇಳುವಂಥದ್ದೇನೂ ಇದೆಯೆಂದು ನನಗೆ ಅನಿಸಿರಲಿಲ್ಲ. ಐದಕ್ಕೆ ಚೊಂಬಿನಲ್ಲಿ ಬಿಸಿನೀರು ಇರಬೇಕಾದರೆ ನಾಲ್ಕೂವರೆಗೆ ಯಾರೋ ಒಲೆ ಹಚ್ಚಿರಬೇಕಲ್ಲವೆ? ಏಳಕ್ಕೆ ಗಂಜಿ ಹದವಾಗಿ ಆರಿರಬೇಕಾದರೆ ಆರೂಕಾಲಿಗೇ ಅದು ಕುದಿದಿರಬೇಕು. ಅಮ್ಮ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಎಲ್ಲರಿಗಿಂತ ಕೊನೆಯಲ್ಲಿ ಉಣ್ಣುತ್ತಿದ್ದಳು, ಉಳಿದದ್ದನ್ನು ಉಣ್ಣುತ್ತಿದ್ದಳು. ಸಾರು ಮುಗಿದಿದ್ದರೆ ಉಪ್ಪಿನಕಾಯಿ, ಮಜ್ಜಿಗೆ. ಮಧ್ಯಾಹ್ನ ಮೂರಕ್ಕೆ ಉಂಡ ದಿನಗಳೂ ಉಂಟು, ಉಣ್ಣದ ದಿನಗಳೂ ಉಂಟು. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ನಾವು ಹೇಳಿದರೆ 'ನಂದೇನು ಬಿಡ್ರೇ' ಅನ್ನುತ್ತಿದ್ದಳು. 2006ರಲ್ಲಿ ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ ಎಂದರು. ರಕ್ತದೊತ್ತಡ ಎಷ್ಟು ವರ್ಷದಿಂದ ಇತ್ತು ಎಂದು ವೈದ್ಯರು ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮ್ಮನ ತೋಳಿಗೆ ಆ ಪಟ್ಟಿಯನ್ನು ಯಾರೂ ಯಾವತ್ತೂ ಸುತ್ತಿರಲಿಲ್ಲ. ಅವಳಿಗೆ ಆಗ 61.

ತಿಥಿಗೆ ಬಂದ ನೆಂಟರು 'ಮೇಷ್ಟ್ರ ಶಿಸ್ತು ಆಯಮ್ಮನಿಗೂ ಇದ್ದಿದ್ರೆ ಇನ್ನೂ ಹತ್ತು ವರ್ಷ ಬಾಳೋರು' ಎಂದು ಮಾತಾಡಿಕೊಂಡರು. ನಾನೂ ತಲೆಯಾಡಿಸಿದೆ. ಅದು ನೆನಪಾದಾಗ ಇವತ್ತಿಗೂ ಒಂದು ಬಗೆಯ ಸಂಕಟವಾಗುತ್ತದೆ.

ಇರಲಿ, ನನ್ನ ವಿಷಯಕ್ಕೆ ಬರುತ್ತೇನೆ. 2022ರಲ್ಲಿ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಮೂರು ತಿಂಗಳ ಸಕ್ಕರೆಯ ಅಂದಾಜು ಹೇಳುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 8.4 ಬಂತು; ಆರೂವರೆ ದಾಟಿದರೆ ಕಾಯಿಲೆ ಎಂದು ಲೆಕ್ಕ. ನಾನೊಬ್ಬಳೇ ಅಲ್ಲ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಈ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿತು. ಅಷ್ಟು ಜನರ ಜೊತೆಗಿದ್ದೇನೆ ಎಂಬುದು ಸಮಾಧಾನದ ಮಾತೇನಲ್ಲ. ವೈದ್ಯರು ಮಾತ್ರೆ ಬರೆದುಕೊಟ್ಟು, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಹೇಳುವ ಲೆಕ್ಕವೂ ಅದೇ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ನೆರವು ಅಷ್ಟಾಗಿ ಇಲ್ಲದೆಯೂ ಎಳೆದುಕೊಳ್ಳಬಲ್ಲದು, ಆದ್ದರಿಂದ ನಡಿಗೆಯೂ ಒಂದು ಔಷಧವೇ ಎಂದು ಬಿಡಿಸಿ ಹೇಳಿದರು. ಬಹಳ ಸರಳವಾಗಿ ಕಂಡಿತು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಬೂಟು ಕೊಂಡೆ.

ಬೂಟು ಎರಡು ವರ್ಷ ಹೊಸದಾಗಿಯೇ ಉಳಿಯಿತು. ಒಮ್ಮೆ ಹನ್ನೊಂದು ದಿನ ನಡೆದೆ, ಗೌರಿ ಹಬ್ಬ ಬಂತು. ಇನ್ನೊಮ್ಮೆ ಹದಿನೇಳು ದಿನ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಬಂತು. ಮಳೆ ಬಂತು, ನೆಂಟರು ಬಂದರು, ಮನೆಯವರಿಗೆ ಜ್ವರ ಬಂತು. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದಾದರೂ ಅಭ್ಯಾಸವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ನನ್ನ ಕೈಲಿ ಆ ಇಪ್ಪತ್ತೊಂದು ದಾಟುವುದೇ ಆಗಲಿಲ್ಲ. ಆಮೇಲೆ ಓದಿದೆ: ಆ ಇಪ್ಪತ್ತೊಂದರ ಲೆಕ್ಕ ಹರಡಿದ್ದು 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರೆದ ಪುಸ್ತಕದಿಂದಂತೆ, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಅಷ್ಟು ದಿನ ಬೇಕು ಎಂದು ಆತ ಗಮನಿಸಿದ್ದನಂತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹಿಡಿದು ನಿಜವಾಗಿ ಅಳೆದು, 2009ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಕೆಲಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಬೇಕಾದದ್ದು ನಡುಮಟ್ಟದ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕು. ನಡುವೆ ಒಂದು ದಿನ ತಪ್ಪಿದರೆ ಎಲ್ಲವೂ ಮುಳುಗಿಹೋಗುವುದಿಲ್ಲ, ಆದರೆ ಒಂದೇ ಹೊತ್ತು, ಒಂದೇ ಸಂದರ್ಭ ಇರಬೇಕು ಎಂಬುದು ಅದರ ಸಾರ. ನನಗೆ ಹೋದ ಜೀವ ಬಂದಂತಾಯಿತು. ನಾನು 254ರ ಪೈಕಿ ಎಂದುಕೊಂಡೆ.

2024ರ ಜೂನ್ ತಿಂಗಳಿನಿಂದ ನನ್ನ ನಡಿಗೆ ಗಟ್ಟಿಯಾಯಿತು. ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟು ಕೆರೆ ಏರಿಯ ಮೇಲೆ ನಡೆದು ಆರೂವರೆಗೆ ಮನೆಗೆ. ಆಗಸ್ಟಿನ ಹೊತ್ತಿಗೆ ಎಚ್ಚರವಾದ ಕೂಡಲೇ ಕಾಲು ತಾನೇ ಬೂಟಿನ ಕಡೆಗೆ ಹೋಗುತ್ತಿತ್ತು. ಡಿಸೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ 7.1. ವೈದ್ಯರು ಬೆನ್ನು ತಟ್ಟಿದರು. ಶಾಲೆಯಲ್ಲಿ ನಾನು ಎಲ್ಲರಿಗೂ ಉಪದೇಶ ಮಾಡತೊಡಗಿದೆ. ಮನಸ್ಸು ಮಾಡಿದರೆ ಆಗದ್ದು ಯಾವುದಿದೆ, ನನ್ನನ್ನೇ ನೋಡಿ ಎನ್ನುತ್ತಿದ್ದೆ. ತಂದೆಯ ರಕ್ತ ನನ್ನ ಮೈಯಲ್ಲಿ ಹರಿಯುತ್ತಿದೆ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ಹುಡುಗಿಯ ಪುಸ್ತಕ ಕೈಗೆ ಬಂದದ್ದು ಇದಾದ ಮುಂದಿನ ತಿಂಗಳು. 'ಅಮ್ಮನಿಗೆ ಪುರಸತ್ತು ಇಲ್ಲ' ಎಂಬ ವಾಕ್ಯದ ಮುಂದೆ ಪೆನ್ನು ಹಿಡಿದು ಕುಳಿತವಳು ಮೊಟ್ಟಮೊದಲ ಬಾರಿಗೆ ನನ್ನನ್ನೇ ಕೇಳಿಕೊಂಡೆ: ಎರಡು ವರ್ಷ ಆಗದೇ ಇದ್ದದ್ದು 2024ರ ಜೂನ್ ತಿಂಗಳಿನಲ್ಲಿ ಹೇಗೆ ಆಯಿತು?

ಆ ಜೂನ್ ಮೊದಲ ವಾರದಲ್ಲಿ ನನ್ನ ಸೊಸೆ ಬಾಣಂತನ ಮುಗಿಸಿಕೊಂಡು ನಾಲ್ಕು ತಿಂಗಳ ಮಗುವಿನೊಂದಿಗೆ ನಮ್ಮ ಮನೆಗೆ ಬಂದಿದ್ದಳು. ಮಗನಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತ್ತು, ದಿನಾ ರೈಲಿನಲ್ಲಿ ಹೋಗಿ ಬರುತ್ತಾನೆ. ಹೀಗಾಗಿ ಅವರು ಬೆಂಗಳೂರು ಬಿಟ್ಟು ನಮ್ಮ ಜೊತೆ ಇರಲು ಬಂದರು. ಬೆಳಗಿನ ಕಾಫಿ, ತಿಂಡಿ, ಮಗನ ಡಬ್ಬಿ, ನನ್ನ ಡಬ್ಬಿ ಮೊದಲು ನನ್ನ ತಲೆಯ ಮೇಲಿದ್ದವು. ಯಾವಾಗ ಅವು ಅವಳ ತಲೆಗೆ ಹೋದವೋ ನನಗೆ ಗೊತ್ತೇ ಆಗಲಿಲ್ಲ. ನಾನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನಾನು ಬೂಟಿನ ದಾರ ಕಟ್ಟಿಕೊಳ್ಳುವಾಗ ಅಡುಗೆಮನೆಯ ದೀಪ ಹತ್ತಿರುತ್ತಿತ್ತು. ಆರೂವರೆಗೆ ಬೆವರು ಒರೆಸಿಕೊಳ್ಳುತ್ತಾ ಬಂದರೆ ಮೇಜಿನ ಮೇಲೆ ನನಗೆಂದೇ ಸಕ್ಕರೆಯಿಲ್ಲದ ಕಾಫಿ. ಮಗು ರಾತ್ರಿ ಮೂರು ಸಲ ಏಳುತ್ತಿತ್ತು ಎಂಬುದು ನನಗೆ ತಿಳಿಯದ್ದೇನಲ್ಲ, ಅದರ ಅಳು ನನ್ನ ಕಿವಿಗೂ ಬೀಳುತ್ತಿತ್ತು. ಕೇಳಿಸಿಕೊಂಡು ಮಗ್ಗುಲು ಬದಲಿಸಿ, ಬೆಳಿಗ್ಗೆ ನಡೆಯಲು ಹೋಗಬೇಕಲ್ಲ ಎಂದು ಮತ್ತೆ ನಿದ್ದೆ ಮಾಡುತ್ತಿದ್ದೆ. ವೈದ್ಯರು ನನ್ನ ಬೆನ್ನು ತಟ್ಟಿದ 7.1ರಲ್ಲಿ ನನ್ನ ನಡಿಗೆ ಎಷ್ಟೋ, ಅವಳ ಕಳೆದುಹೋದ ನಿದ್ದೆ ಅಷ್ಟೇ ಇತ್ತು.

ಅರವತ್ತಾರು ದಿನದ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದೇ ಹೊತ್ತು, ಒಂದೇ ಸಂದರ್ಭ ಇದ್ದರೆ ಅಭ್ಯಾಸ ಬೇರೂರುತ್ತದೆ ಎಂಬುದು ನನ್ನ ಮಟ್ಟಿಗೂ ನಿಜವಾಯಿತು. ಆದರೆ ಆ 'ಒಂದೇ ಹೊತ್ತು' ಎಲ್ಲಿಂದ ಬರುತ್ತದೆ? ತನ್ನ ದಿನದಲ್ಲಿ ಯಾರೂ ಕೈಹಾಕದ ಮುಕ್ಕಾಲು ಗಂಟೆ ಇರುವವರಿಗೆ ಮಾತ್ರ ಅದು ಸಿಗುತ್ತದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಹಾಗೆ ಮಾಡುವವರಲ್ಲಿಯೂ ಹೆಂಗಸರು ದಿನಕ್ಕೆ ಕೊಡುವುದು ಸರಾಸರಿ 299 ನಿಮಿಷ, ಗಂಡಸರು 97. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ! ನಮ್ಮ ಪಠ್ಯದಲ್ಲಿ 'ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ ಮಾಡಬೇಕು' ಎಂಬ ವಾಕ್ಯವನ್ನು ಬರೆದವರು ಯಾವ ಲೆಕ್ಕದವರೋ ನನಗೆ ಗೊತ್ತಿಲ್ಲ.

ಕನ್ನಡದಲ್ಲಿ ಅಭ್ಯಾಸ ಎನ್ನುವುದು ಬಹಳ ಘನವಾದ ಮಾತು. ರೂಢಿಗೂ ಅದೇ ಪದ, ಓದಿಗೂ ಅದೇ ಪದ, ವಿದ್ಯಾಭ್ಯಾಸ ಎನ್ನುತ್ತೇವೆ. ಕೆಟ್ಟದ್ದಾದರೆ ಚಟ ಎಂದು ಬೇರೆ ಪದ ಹುಡುಕುತ್ತೇವೆ. ಚಂಚಲವಾದ ಮನಸ್ಸನ್ನು ಹಿಡಿಯಲು ಅಭ್ಯಾಸವೂ ವೈರಾಗ್ಯವೂ ಬೇಕೆಂದು ಗೀತೆ ಹೇಳುತ್ತದೆ. ಗ್ರೀಸಿನ ಅರಿಸ್ಟಾಟಲನೂ ಅಷ್ಟೆ. ಒಳ್ಳೆಯತನ ಹುಟ್ಟಿನಿಂದ ಬರುವುದಿಲ್ಲ, ಮಾಡಿ ಮಾಡಿ ಬರುತ್ತದೆ, ವೀಣೆ ನುಡಿಸಿ ನುಡಿಸಿಯೇ ವೈಣಿಕನಾಗುವಂತೆ ನ್ಯಾಯವಾದ ಕೆಲಸ ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎಂಬುದು ಅವನ ವಾದ. ನಮ್ಮ 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಗೆ ಇದು ಒಳ್ಳೆಯ ಉತ್ತರ. ಆದರೆ ಅರಿಸ್ಟಾಟಲನ ಕಾಲದ ಅಥೆನ್ಸಿನಲ್ಲಿ ಒಬ್ಬ ನಾಗರಿಕ ಹೀಗೆ ಒಳ್ಳೆಯತನವನ್ನು ರೂಢಿಸಿಕೊಳ್ಳುತ್ತಿರುವಾಗ ಅವನ ಮನೆಯ ಕೆಲಸವನ್ನು ಹೆಂಗಸರೂ ಗುಲಾಮರೂ ಮಾಡುತ್ತಿದ್ದರು. ಅವರ ಅಭ್ಯಾಸಗಳ ಬಗ್ಗೆ ಯೋಚಿಸುವ ಅಗತ್ಯ ಆ ಮಹಾನುಭಾವನಿಗೂ ಅಷ್ಟಾಗಿ ಕಾಣಲಿಲ್ಲ.

ನಮ್ಮ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆ ಎಂದೇ ಒಂದು ಅಧ್ಯಾಯವಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಹಲ್ಲುಜ್ಜುವುದು, ಎಣ್ಣೆ ತಿಕ್ಕಿಕೊಳ್ಳುವುದು, ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡುವುದು, ಸ್ನಾನ ಹೀಗೆ ಸಾಗುತ್ತದೆ. ಆ ಎಣ್ಣೆಯನ್ನು ಕಾಯಿಸಿ ಕೊಡುವವರು ಯಾರು ಎಂದು ನನ್ನಂಥವಳಿಗೆ ಈಗ ಕೇಳಬೇಕೆನಿಸುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಇನ್ನೊಂದು ಮಾತಿದೆ. ಹುಳುವನ್ನೂ ಇರುವೆಯನ್ನೂ ಸಹ ತನ್ನಂತೆಯೇ ಕಾಣಬೇಕು ಎಂದು ವೈದ್ಯಗ್ರಂಥ ಹೇಳುತ್ತದೆ. ಹಲ್ಲುಜ್ಜುವ ಕಡ್ಡಿಯ ಉದ್ದ ಹೇಳುವ ಅಧ್ಯಾಯದಲ್ಲಿ ಈ ಮಾತಿಗೇನು ಕೆಲಸ ಎಂದು ಮೊದಲು ಅನಿಸಿತ್ತು. ಈಗ ಅನಿಸುವುದೇ ಬೇರೆ. ತನ್ನ ಮೈಯನ್ನು ನೋಡಿಕೊಳ್ಳುವುದೂ ಪಕ್ಕದವರ ಮೈಯನ್ನು ನೋಡುವುದೂ ಒಂದೇ ಪಾಠ ಎಂದು ಆ ಹಿರಿಯನಿಗೆ ಕಂಡಿರಬೇಕು. ನಾನು ಕೆರೆ ಏರಿಯ ಮೇಲೆ ಇರುವೆ ಸಾಲು ಕಂಡರೆ ದಾಟಿ ನಡೆಯುತ್ತಿದ್ದೆ. ಅಡುಗೆಮನೆಯ ದೀಪವನ್ನು ಮಾತ್ರ ನೋಡಿರಲಿಲ್ಲ.

ಇದನ್ನು ಶಾಲೆಯಲ್ಲಿ ಹೇಳಿದಾಗ ಒಬ್ಬರು 'ಮನೆಗೆಲಸವೇ ಹೆಂಗಸರಿಗೆ ವ್ಯಾಯಾಮ, ನಿಮ್ಮ ತಾಯಿ ನಿಮ್ಮ ತಂದೆಗಿಂತ ಹೆಚ್ಚು ಓಡಾಡಿರಬೇಕು' ಎಂದರು. ಮಾತು ತಳ್ಳಿಹಾಕುವಂಥದ್ದಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಭ್ಯಾಸ ಮಾಡಿ, ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ ಮಹಡಿ ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದ. ಆ ಕಂಡಕ್ಟರುಗಳು ವ್ಯಾಯಾಮದ ಸಂಕಲ್ಪ ಮಾಡಿದವರಲ್ಲ, ಟಿಕೆಟು ಹರಿಯುವವರು. ಎಷ್ಟು ಸ್ವಲ್ಪವಾದರೂ ಸರಿ, ಮೈ ಆಡಿಸಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಹೇಳಿತು. ಆದ್ದರಿಂದ ಅಮ್ಮನಿಗೆ ವ್ಯಾಯಾಮದ ಕೊರತೆ ಇತ್ತೆಂದು ನಾನು ಹೇಳಲಾರೆ. ಇಲ್ಲದೇ ಇದ್ದದ್ದು ಬೇರೆ: ಸಾಕಷ್ಟು ನಿದ್ದೆ, ಹೊತ್ತಿಗೆ ಊಟ, ಉಪ್ಪಿನಕಾಯಿಯ ಜಾಗದಲ್ಲಿ ಒಂದು ಹಿಡಿ ಪಲ್ಯ, ಐದು ನಿಮಿಷ ಯಾರಾದರೂ ತೋಳಿಗೆ ಪಟ್ಟಿ ಸುತ್ತಿ ನೋಡುವುದು. ರಕ್ತದೊತ್ತಡ ಹೇಳಿ ಕೇಳಿ ಬರುವ ಕಾಯಿಲೆಯಲ್ಲ, ಅಳೆದು ನೋಡದೆ ಬಹುಪಾಲು ಗೊತ್ತಾಗುವುದೇ ಇಲ್ಲ. ಇವೆಲ್ಲ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ? ಹಾಗೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವಳಿಗೆ ಶಿಸ್ತು ಇರಲಿಲ್ಲ ಎಂದು ತಿಥಿಯ ದಿನ ನಾನು ತಲೆಯಾಡಿಸಿದ್ದು ತಪ್ಪು. ನಲವತ್ತು ವರ್ಷ ನಾಲ್ಕೂವರೆಗೆ ಎದ್ದವಳಿಗೆ ಶಿಸ್ತು ಇರಲಿಲ್ಲವೆ? ಇತ್ತು, ಅದರ ಫಲ ಮಾತ್ರ ಇನ್ನೊಬ್ಬರ ಮೈಗೆ ಹತ್ತಿತು.

ಹಾಗಾದರೆ ನನ್ನ ತಂದೆ ಕೆಟ್ಟವರೇ? ಓದುವವರು ಈ ಪ್ರಶ್ನೆ ಕೇಳುವ ಮೊದಲೇ ನಾನು ಅದನ್ನು ಬಹಳ ರಾತ್ರಿ ಕೇಳಿಕೊಂಡಿದ್ದೇನೆ. ಅವರು ಬಿಸಿನೀರು ಕೊಡು ಎಂದು ಯಾವತ್ತೂ ಗದರಲಿಲ್ಲ, ಕೇಳಲೂ ಇಲ್ಲ. ಕೇಳುವ ಮೊದಲೇ ಅದು ಬರುತ್ತಿತ್ತು. ಅಮ್ಮ ಸಂತೋಷವಾಗಿಯೇ ಕೊಟ್ಟಳು ಎನ್ನಬಹುದು. ಇರಬಹುದು. ಆದರೆ ಕೊಡುವುದಿಲ್ಲ ಎನ್ನುವ ದಾರಿ ಇದ್ದವರು ಕೊಟ್ಟದ್ದನ್ನು ದಾನ ಎನ್ನಬಹುದು, ಆ ದಾರಿ ಇಲ್ಲದವರು ಕೊಟ್ಟದ್ದನ್ನು ಏನೆನ್ನಬೇಕು? ಅಮ್ಮನನ್ನು ಕೇಳೋಣವೆಂದರೆ ಅವಳಿಲ್ಲ.

ಅಮ್ಮ ಹೋದ ಹದಿನೈದು ದಿನದಲ್ಲಿ ತಂದೆಯ ದಿನಚರಿ ಮುರಿದುಬಿತ್ತು. ಐದಕ್ಕೆ ಎದ್ದು ಖಾಲಿ ಚೊಂಬಿನ ಮುಂದೆ ಕೂರುತ್ತಿದ್ದರು. ನಮ್ಮ ಮನೆಗೆ ಬನ್ನಿ ಎಂದರೆ ಒಪ್ಪಲಿಲ್ಲ. ಒಂದು ಭಾನುವಾರ ನಾನು ಹೋದಾಗ, ಎಪ್ಪತ್ತರ ಆ ಮನುಷ್ಯ ಗ್ಯಾಸ್ ಒಲೆಯ ಮುಂದೆ ನಿಂತು ರಾಗಿಗಂಜಿ ತಿರುವುತ್ತಿದ್ದರು. ತಳ ಸೀದು ಮನೆಯೆಲ್ಲ ವಾಸನೆ. ಹಿಟ್ಟು ಗಂಟುಗಂಟಾಗಿತ್ತು. ಸೌಟು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ತಿರುವುತ್ತಲೇ, ನನ್ನ ಕಡೆ ನೋಡದೆ, 'ಇದಕ್ಕೆ ಇಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಿರ್ಲಿಲ್ಲ ಕಣಮ್ಮ' ಎಂದರು. ಮತ್ತೇನೂ ಹೇಳಲಿಲ್ಲ. ಆಮೇಲೆ ಹದಿನೈದು ವರ್ಷ ಅವರೇ ಗಂಜಿ ಕಾಯಿಸಿಕೊಂಡರು, ಪಾತ್ರೆಯನ್ನೂ ತೊಳೆದಿಟ್ಟರು. ಅದಕ್ಕೆ ಬೇಕಾದ ಹೊತ್ತನ್ನು ನಡಿಗೆಯಿಂದ ಕಳೆದರು. ಹನುಮಂತನ ಗುಡಿಯವರೆಗೆ ಹೋಗುವುದನ್ನು ಬಿಟ್ಟು ಅರ್ಧ ದಾರಿಯ ಹುಣಸೆಮರದಿಂದ ಹಿಂದಿರುಗುತ್ತಿದ್ದರು. ಅದರಿಂದ ಅವರ ಆರೋಗ್ಯವೇನೂ ಕೆಡಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಾವು ಕೇಳುತ್ತೇವೆ. ಎಪ್ಪತ್ತರಲ್ಲಿ ಒಂದು ಮರ ಬಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಮಕ್ಕಳಿಗೆ ತಂದೆಯ ಉದಾಹರಣೆ ಕೊಡುವಾಗ ನಾನು ಈ ಹದಿನೈದು ವರ್ಷಗಳನ್ನೇ ಹೇಳುತ್ತೇನೆ. ಬಗ್ಗಿದ್ದು ಅಮ್ಮ ಹೋದ ಮೇಲೆ ಎಂಬುದೊಂದೇ ಕೊರಗು.

ಈಗ ನನ್ನ ಮುಂದಿದ್ದ ಪ್ರಶ್ನೆ, ನಾನು ಎಪ್ಪತ್ತರವರೆಗೆ ಕಾಯಬೇಕೇ ಎಂಬುದು. ಆ ಸಂಜೆ ಸೊಸೆಯನ್ನು ಕೇಳಿದೆ. 'ಬೆಳಿಗ್ಗೆ ನಿನಗೆ ಕಷ್ಟ ಆಗ್ತಿದೆಯೇನಮ್ಮ?' ಅವಳು ಮಗುವಿನ ಬಟ್ಟೆ ಮಡಿಸುತ್ತಾ 'ಪರವಾಗಿಲ್ಲ ಅತ್ತೆ, ನಂದೇನು' ಎಂದಳು. ಆ 'ನಂದೇನು' ಕೇಳಿ ನಾನು ಬೆಚ್ಚಿಬಿದ್ದೆ.

ನಡಿಗೆ ನಿಲ್ಲಿಸಿಬಿಡೋಣ ಎಂದು ಮೊದಲು ಅನಿಸಿತು. ಅದು ತ್ಯಾಗದಂತೆ ಕಾಣುತ್ತದೆ, ಆದರೆ ಅದೂ ಸರಿಯಲ್ಲ. ಸಕ್ಕರೆ ಏರಿ ಕಣ್ಣೋ ಕಾಲೋ ಮೂತ್ರಪಿಂಡವೋ ಕೆಟ್ಟರೆ ನನ್ನನ್ನು ಎತ್ತಿ ಕೂರಿಸುವವರು ಯಾರು? ಅದೇ ಸೊಸೆ. ನನ್ನ ಆರೋಗ್ಯ ನೋಡಿಕೊಳ್ಳುವುದು ಅವಳಿಗೂ ನಾನು ಸಲ್ಲಿಸಬೇಕಾದ ಋಣ. ಆದ್ದರಿಂದ ನಡೆಯಲೇಬೇಕು, ಆದರೆ ಅವಳ ನಿದ್ದೆಯ ಮೇಲೆ ನಡೆಯಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಮನಸ್ಸಿನ ದೃಢತೆಯಿಂದ ಆಗುವ ಕೆಲಸವಲ್ಲ. ಮನೆಯವರೆಲ್ಲ ಕುಳಿತು ಮಾತಾಡಬೇಕಾದ ಕೆಲಸ.

ಮಾತಾಡಿದೆವು. ಸುಲಭವಾಗಿ ಆಗಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಯಜಮಾನರು 'ಇಷ್ಟಕ್ಕೆಲ್ಲ ಮೀಟಿಂಗೇ?' ಎಂದು ನಕ್ಕರು. ಮಗ ರೈಲಿನ ನೆಪ ಹೇಳಿದ. ಸೊಸೆ ಬಾಯಿಯೇ ತೆಗೆಯಲಿಲ್ಲ. ಕೊನೆಗೆ ನಾನು ನನ್ನ ತಂದೆಯ ಗಂಜಿಯ ಕಥೆ ಹೇಳಿದೆ. ಮಗನಿಗೆ ತಾತ ಎಂದರೆ ಬಹಳ ಪ್ರೀತಿ, ಅವನು ಸುಮ್ಮನಾದ. ನಾನು ವಾರದಲ್ಲಿ ಮೂರು ದಿನ ಶಾಲೆಯಿಂದ ಬಸ್ಸು ಹತ್ತದೆ ನಡೆದೇ ಮನೆಗೆ ಬರುವುದು, ಎರಡು ದಿನ ಮಾತ್ರ ಬೆಳಿಗ್ಗೆ ಕೆರೆ ಏರಿಗೆ ಹೋಗುವುದು, ಆ ಎರಡು ದಿನ ತಿಂಡಿಯ ಕೆಲಸ ಯಜಮಾನರದು. ಉಳಿದ ದಿನ ನನ್ನದು. ಮಗ ತನ್ನ ಡಬ್ಬಿಯನ್ನು ತಾನೇ ತುಂಬಿಕೊಳ್ಳುವುದು. ರಾತ್ರಿ ಮಗು ಎದ್ದಾಗ ಒಂದು ಸರದಿ ಅವನದು.

'ನಿನಗೂ ಮುಕ್ಕಾಲು ಗಂಟೆ ಬೇಕಲ್ಲ, ನೀನೂ ನಡೆಯಲು ಹೋಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ' ಎಂದು ಸೊಸೆಗೆ ದೊಡ್ಡ ಮನಸ್ಸಿನಿಂದ ಹೇಳಿದೆ. ಆಗ ಅವಳು ಮೊದಲ ಬಾರಿಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. 'ನಂಗೆ ವಾಕಿಂಗ್ ಬೇಡ ಅತ್ತೆ. ಏಳು ಗಂಟೆವರೆಗೂ ಮಲ್ಕೋತೀನಿ.'

ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಬೇಗ ಏಳುವುದೇ ಒಳ್ಳೆಯ ಅಭ್ಯಾಸ ಎಂದು ಮೂವತ್ತು ವರ್ಷ ಬರೆಸಿದವಳು ನಾನು. ಆ ವರ್ಷ ಅವಳ ಮೈಗೆ ಬೇಕಾಗಿದ್ದ ಒಳ್ಳೆಯ ಅಭ್ಯಾಸ ಏಳು ಗಂಟೆಯವರೆಗೆ ಮಲಗುವುದೇ ಆಗಿತ್ತು.

ಈ ಏರ್ಪಾಡು ಗಡಿಯಾರದಂತೆ ನಡೆಯುತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಯಜಮಾನರ ಉಪ್ಪಿಟ್ಟು ಮೊದಲ ತಿಂಗಳು ಗಂಟುಗಂಟಾಗಿರುತ್ತಿತ್ತು, ಈಗಲೂ ಕೆಲವೊಮ್ಮೆ ಉಪ್ಪು ಹೆಚ್ಚು. ಮಗ ತನ್ನ ಸರದಿಯ ರಾತ್ರಿ ಎಚ್ಚರವಾಗದವನಂತೆ ನಟಿಸಿದ್ದೂ ಉಂಟು. ನನ್ನ ಸಕ್ಕರೆ ಮುಂದಿನ ಪರೀಕ್ಷೆಯಲ್ಲಿ 7.3ಕ್ಕೆ ಬಂತು, 0.2 ಹೆಚ್ಚು. ವೈದ್ಯರು 'ಯಾಕೆ, ಸ್ವಲ್ಪ ಸಡಿಲ ಬಿಟ್ಟಿರಾ?' ಎಂದು ಕೇಳಿದರು. ಇಲ್ಲ ಸಾರ್, ಈಗಷ್ಟೇ ಬಿಗಿ ಮಾಡಿದ್ದೇನೆ ಎನ್ನಬೇಕೆನಿಸಿತು. ರಾತ್ರಿ ಊಟದ ನಂತರ ಹತ್ತು ನಿಮಿಷ ಅಂಗಳದಲ್ಲಿ ಮಗುವನ್ನೆತ್ತಿಕೊಂಡು ತಿರುಗಾಡುವುದನ್ನು ಸೇರಿಸಿಕೊಂಡಿದ್ದೇನೆ. ಅದು ನನಗೂ ಒಳ್ಳೆಯದು, ಅಷ್ಟು ಹೊತ್ತು ಅವಳ ಕೈಗೂ ಬಿಡುವು.

ಆ ಹುಡುಗಿಯ ಪುಸ್ತಕಕ್ಕೆ ಎಷ್ಟು ಅಂಕ ಹಾಕಿದೆ ಎಂದು ನೀವು ಕೇಳಬಹುದು. ಆ ದಿನ ಹಾಕಲಿಲ್ಲ. ನಾಲ್ಕು ದಿನ ಬಿಟ್ಟು ಅವಳನ್ನು ಸಿಬ್ಬಂದಿ ಕೋಣೆಗೆ ಕರೆದು, 'ಅಮ್ಮನಿಗೆ ಒಳ್ಳೆಯ ಅಭ್ಯಾಸ ಇಲ್ಲ ಅಂತ ಬರೆದಿದ್ದೀಯಲ್ಲ, ಅವರು ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡ್ತಾರೆ ಒಂದು ದಿನ ನೋಡಿ ಬರ್ಕೊಂಡು ಬಾ' ಎಂದೆ. ಅವಳು ಎರಡು ಪುಟ ಬರೆದು ತಂದಳು. ಮೊದಲ ಸಾಲಿನಲ್ಲೇ 'ಅಮ್ಮ ಎಷ್ಟು ಗಂಟೆಗೆ ಏಳುತ್ತಾರೆ ಗೊತ್ತಿಲ್ಲ, ನಾನು ಎದ್ದಾಗ ಎದ್ದಿರುತ್ತಾರೆ' ಎಂದಿತ್ತು. ಕೊನೆಯಲ್ಲಿ, 'ನಾಳೆಯಿಂದ ನೀರು ನಾನು ಹಿಡಿಯುತ್ತೇನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಹತ್ತಕ್ಕೆ ಹತ್ತು ಹಾಕಿದೆ. ಕಾಗುಣಿತದ ತಪ್ಪುಗಳು ಇದ್ದವು. ಅವನ್ನು ಇನ್ನೊಂದು ದಿನ ತಿದ್ದಿದರಾಯಿತು.